ಸಿಂಗರ್ ಮಿಷಿನ್ ಹೆಂಡತಿಗಾಗಿ ಹುಟ್ಟಿದ್ದಾ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಮುತ್ತಜ್ಜಿಯ ಕಾಲದ ಸಿಂಗರ್ ಹೊಲಿಗೆ ಮಿಷಿನ್ ಇದೆ. ಅದರ ನಂಬರು ‘ವೈ’ ಅಕ್ಷರದಿಂದ ಶುರುವಾಗುತ್ತದೆ. ಹೆಂಡತಿ ಕೈಯಲ್ಲಿ ಹೊಲಿಯುವ ಕಷ್ಟ ನೋಡಲಾರದೆ ಸಿಂಗರ್ ಎಂಬಾತ ಇದನ್ನು ಮಾಡಿದ ಅಂತ ಅಜ್ಜಿ ಹೇಳುತ್ತಿದ್ದರು. ಗಾಂಧೀಜಿ ಕೂಡ ಹಾಗೇ ಹೇಳಿದ್ದಾರಂತೆ. ಇದು ನಿಜವೇ? ಅವನ ಸಂಸಾರ ಹೇಗಿತ್ತು? ಇನ್ನೊಂದು ವಿಷಯ. ಈಗ ಹೊಲಿದರೆ ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ನಿಲ್ಲುತ್ತದೆ. ಮಿಷಿನ್ ಕೆಟ್ಟಿತು ಅಂತಲೇ ಅರ್ಥವಾ?

ಉತ್ತರ:

ನಿಮ್ಮ ಅಜ್ಜಿ ಹೇಳಿದ ಕಥೆಯನ್ನು ನಾನೂ ಚಿಕ್ಕಂದಿನಲ್ಲಿ ಕೇಳಿದ್ದೇನೆ. ಹಳೆಯ ಮಿಷಿನ್ ರಿಪೇರಿಗೆ ಕೈ ಹಾಕಿದ ಮೇಲೆ ಇನ್ನೂ ಹತ್ತಾರು ಮನೆಗಳಲ್ಲಿ ಕೇಳಿದೆ. ಗಾಂಧೀಜಿ ಹೇಳಿದ್ದೂ ನಿಜವೇ. 1924ರಲ್ಲಿ ಜಿ. ರಾಮಚಂದ್ರನ್ ಎಂಬ ಯುವಕ ಅವರನ್ನು, ನೀವು ಎಲ್ಲ ಯಂತ್ರಗಳಿಗೂ ವಿರೋಧವೇ ಎಂದು ಕೇಳಿದ. ಚರಕವೂ ಒಂದು ಯಂತ್ರವೇ ಅಲ್ಲವೇ ಎಂದರು ಗಾಂಧೀಜಿ. ಮನುಷ್ಯನಿಗೆ ನಿಜವಾಗಿ ಉಪಯೋಗಕ್ಕೆ ಬರುವ ಯಂತ್ರಗಳೂ ಇವೆ ಎನ್ನುತ್ತಾ ಸಿಂಗರ್ ಹೊಲಿಗೆ ಯಂತ್ರದ ಹೆಸರು ಹೇಳಿದರು. ಹೆಂಡತಿ ಕೈಯಿಂದ ಹೊಲಿಯುತ್ತಾ ಸವೆಯುವುದನ್ನು ನೋಡಿ, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ಮಾಡಿದ ಎಂದರು.

ಗಾಂಧೀಜಿ ಯಂತ್ರದ ಬಗ್ಗೆ ಹೇಳಿದ ಮಾತು ಸರಿ. ಆದರೆ ಸಿಂಗರನ ಬಗ್ಗೆ ಅವರ ಕಿವಿಗೆ ಬಿದ್ದ ಕಥೆ ಸರಿಯಲ್ಲ. ಆ ಕಥೆ ಹೆಚ್ಚಾಗಿ ಹೊಂದುವುದು ಇನ್ನೊಬ್ಬನಿಗೆ. ಅವನ ಹೆಸರು ಎಲಿಯಾಸ್ ಹೋವ್.

ಹೋವ್ ಮ್ಯಾಸಚೂಸೆಟ್ಸ್‌ನ ಬಡ ಮೆಕ್ಯಾನಿಕ್. ಹುಟ್ಟಿನಿಂದಲೇ ಕುಂಟು, ಮೈಯಲ್ಲಿ ಶಕ್ತಿ ಕಡಿಮೆ. ಮೂವರು ಮಕ್ಕಳು. ಅವನ ದುಡಿಮೆ ಸಾಲದೆ ಹೆಂಡತಿ ಎಲಿಜಬೆತ್ ಮನೆಗೆ ಹೊಲಿಗೆ ಕೆಲಸ ತಂದು ರಾತ್ರಿ ಕೂತು ಹೊಲಿಯುತ್ತಿದ್ದಳು. ದಣಿದು ಬಂದು ಮಲಗಿದ ಹೋವ್ ಅವಳ ಕೈ ಹೋಗುವುದು ಬರುವುದನ್ನು ನೋಡುತ್ತಾ ಯಂತ್ರದ ಯೋಚನೆ ಮಾಡಿದ ಅಂತ ಅವನ ಜೀವನ ಬರೆದವರು ಹೇಳುತ್ತಾರೆ. 1846ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ತುದಿಯಲ್ಲೇ ಕಣ್ಣಿರುವ ಸೂಜಿ ಬಟ್ಟೆಯೊಳಗೆ ಒಂದು ದಾರ ಒಯ್ಯುತ್ತದೆ. ಇನ್ನೊಂದು ಕಡೆಯಿಂದ ಶಟಲ್, ಅಂದರೆ ಲಾಳಿ, ಎರಡನೆಯ ದಾರವನ್ನು ಅದರ ಕುಣಿಕೆಯೊಳಗೆ ತೂರಿಸುತ್ತದೆ. ಎರಡೂ ದಾರ ಬಟ್ಟೆಯ ನಡುವೆ ಬಿಗಿಯಾಗಿ ಕೂರುತ್ತವೆ. ಇವತ್ತಿಗೂ ನಿಮ್ಮ ಮಿಷಿನ್ ಹೊಲಿಯುವುದು ಇದೇ ಹೊಲಿಗೆ. ಆದರೆ ಅಮೆರಿಕದಲ್ಲಿ ಯಾರೂ ಕೊಳ್ಳಲಿಲ್ಲ. ಹೋವ್ ಲಂಡನ್ನಿಗೆ ಹೋದ. ಅಲ್ಲೂ ಕೈ ಸುಟ್ಟುಕೊಂಡು 1849ರಲ್ಲಿ ಬರಿಗೈಯಲ್ಲಿ ವಾಪಸ್ಸು ಬಂದ. ಅಷ್ಟು ಹೊತ್ತಿಗೆ ಎಲಿಜಬೆತ್ ಕ್ಷಯದಿಂದ ಸಾಯುವ ಸ್ಥಿತಿಯಲ್ಲಿದ್ದಳು. ಅವಳ ಮಣ್ಣಿಗೆ ಹೋಗಲು ಅವನ ಬಳಿ ಒಳ್ಳೆಯ ಬಟ್ಟೆ ಇರಲಿಲ್ಲ. ಇನ್ನೊಬ್ಬರ ಹತ್ತಿರ ಕೇಳಿ ತೊಟ್ಟುಕೊಂಡ.

ಯಂತ್ರ ಮೊದಲು ಯೋಚಿಸಿದವನು ಹೋವ್ ಕೂಡ ಅಲ್ಲ. ನ್ಯೂಯಾರ್ಕಿನ ವಾಲ್ಟರ್ ಹಂಟ್ 1830ರ ದಶಕದಲ್ಲೇ ಇಂಥದ್ದೊಂದು ಮಾಡಿ, ಪೇಟೆಂಟ್ ಪಡೆಯದೆ ಸುಮ್ನೆ ಬಿಟ್ಟಿದ್ದ. ನಾವು ಚುಚ್ಚಿಕೊಳ್ಳುವ ಸೇಫ್ಟಿ ಪಿನ್ ಕೂಡ ಅವನದೇ.

ಈಗ ಸಿಂಗರ್ ಕಡೆಗೆ ಬರೋಣ.

ಐಸಾಕ್ ಮೆರಿಟ್ ಸಿಂಗರ್ ಹುಟ್ಟಿದ್ದು 1811ರ ಅಕ್ಟೋಬರ್ 27ರಂದು, ನ್ಯೂಯಾರ್ಕ್ ರಾಜ್ಯದಲ್ಲಿ. ತಂದೆ ಆಡಮ್ ಜರ್ಮನ್ ಮೂಲದವನು. ತಾಯಿ ರೂತ್. ಹುಡುಗನಿಗೆ 10 ವರ್ಷ ಆಗುವಷ್ಟರಲ್ಲಿ ಅಪ್ಪ ಅಮ್ಮ ಬೇರೆಯಾದರು. ಆ ಕಾಲಕ್ಕೆ ಇದು ತೀರಾ ಅಪರೂಪ. 12ಕ್ಕೆ ಮನೆ ಬಿಟ್ಟು ರೋಚೆಸ್ಟರ್ ಊರಿನಲ್ಲಿದ್ದ ಅಣ್ಣನ ಹತ್ತಿರ ಹೋದ. ಸಿಕ್ಕ ಕೆಲಸ ಮಾಡಿದ, ಮೆಷಿನ್ ಶಾಪಿನಲ್ಲಿ ಸ್ವಲ್ಪ ದಿನ ಕಲಿತ. ಆದರೆ ಅವನ ಮನಸ್ಸೆಲ್ಲ ನಾಟಕದ ಮೇಲೆ. ಎತ್ತರದ ಆಳು, ದೊಡ್ಡ ಗಂಟಲು. ರಂಗದ ಮೇಲೆ ನಿಂತರೆ ಜನ ನೋಡಬೇಕು ಅಂತ ಅವನ ಆಸೆ. ಕೈಯಲ್ಲಿ ಕಾಸು ಮುಗಿದಾಗ ಮಾತ್ರ ಯಂತ್ರದ ಕಡೆ ತಿರುಗುತ್ತಿದ್ದ. ಅವನ ಅರ್ಧ ಬಾಳು ಹೀಗೇ ಹೋಯಿತು.

1830ರಲ್ಲಿ ಕ್ಯಾಥರೀನ್ ಮರಿಯಾ ಹೇಲಿ ಎಂಬ ಹುಡುಗಿಯನ್ನು ಮದುವೆಯಾದ. ಅವನಿಗೆ 19, ಅವಳಿಗೆ 15. ಇಬ್ಬರು ಮಕ್ಕಳು, ವಿಲಿಯಂ ಮತ್ತು ಲಿಲಿಯನ್. 1836ರಲ್ಲಿ ನಾಟಕದವರ ಜೊತೆ ಬಾಲ್ಟಿಮೋರ್‌ಗೆ ಹೋದವನು ಅಲ್ಲಿ ಮೇರಿ ಆನ್ ಸ್ಪಾನ್ಸ್ಲರ್ ಎಂಬಾಕೆಗೆ ಮದುವೆಯ ಮಾತು ಕೊಟ್ಟ. ಮೊದಲೇ ಹೆಂಡತಿ ಇದ್ದಾಳೆ ಅಂತ ಆಕೆಗೆ ಗೊತ್ತಾದದ್ದು ಆಮೇಲೆ. ಕ್ಯಾಥರೀನ್ ಮಕ್ಕಳನ್ನು ಕಟ್ಟಿಕೊಂಡು ಬೇರೆಯೇ ಉಳಿದಳು. ಮೇರಿ ಆನ್ ಅವನ ಜೊತೆ ಸುಮಾರು 25 ವರ್ಷ ಬಾಳಿದಳು, 10 ಮಕ್ಕಳನ್ನು ಹೆತ್ತಳು. ಮದುವೆ ಮಾತ್ರ ಆಗಲೇ ಇಲ್ಲ.

1839ರಲ್ಲಿ ಇಲಿನಾಯ್ ರಾಜ್ಯದಲ್ಲಿ ಕಾಲುವೆ ತೋಡುವ ಕೆಲಸ ನಡೆದಿತ್ತು. ಅಲ್ಲಿ ಸಿಂಗರ್ ಬಂಡೆ ಕೊರೆಯುವ ಯಂತ್ರವೊಂದನ್ನು ಮಾಡಿ 2,000 ಡಾಲರಿಗೆ ಮಾರಿದ. ಆ ಕಾಲಕ್ಕೆ ಅದು ಇಡೀ ಕುಟುಂಬವನ್ನು ವರ್ಷಗಟ್ಟಲೆ ಸಾಕುವ ಹಣ. ಅವನು ಅದನ್ನು ನಾಟಕ ಕಂಪನಿ ಕಟ್ಟಲು ಹಾಕಿದ. ‘ಮೆರಿಟ್ ಪ್ಲೇಯರ್ಸ್’ ಅಂತ ಹೆಸರು. ಅವನು ಐಸಾಕ್ ಮೆರಿಟ್, ಮೇರಿ ಆನ್ ಮಿಸೆಸ್ ಮೆರಿಟ್. ಸುಮಾರು 5 ವರ್ಷ ಊರೂರು ಸುತ್ತಿದರು. ನಮ್ಮ ಕಂಪನಿ ನಾಟಕದವರ ಕಷ್ಟ ನೋಡಿದವರಿಗೆ ಇದು ಹೇಗಿದ್ದಿರಬಹುದು ಅಂತ ಹೇಳಬೇಕಿಲ್ಲ. ವರ್ಷ ಎರಡು ವರ್ಷಕ್ಕೊಂದು ಮಗು, ಕಂಕುಳಲ್ಲಿ ಒಂದು, ಮುಖಕ್ಕೆ ಬಣ್ಣ, ನಾಳೆ ಯಾವ ಊರೋ ಗೊತ್ತಿಲ್ಲ. ಆ ಹಣ ಕರಗಿದ ಮೇಲೂ ಅವನನ್ನು ಬಿಡದೆ ಸಂಸಾರ ನಡೆಸಿದವಳು ಮೇರಿ ಆನ್. ಸಿಂಗರ್ ಕಥೆ ಹೇಳುವಾಗ ಆಕೆಯ ಹೆಸರೇ ಬಿಟ್ಟುಹೋಗುವುದು ನನಗೆ ಬಹಳ ಬೇಸರ ತರುತ್ತದೆ.

1849ರಲ್ಲಿ ಮುದ್ರಣಕ್ಕೆ ಮರದ ಅಕ್ಷರ ಕೆತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ. ನ್ಯೂಯಾರ್ಕಿನ ವರ್ಕ್‌ಶಾಪಿನಲ್ಲಿ ಬಾಯ್ಲರ್ ಸಿಡಿದು ಅದು ಪುಡಿಯಾಯಿತು. ಜಾರ್ಜ್ ಝೀಬರ್ ಎಂಬ ಪುಸ್ತಕ ವ್ಯಾಪಾರಿ ಹಣ ಕೊಟ್ಟ. ಇಬ್ಬರೂ ಇನ್ನೊಂದು ಯಂತ್ರ ಮಾಡಿಕೊಂಡು ಬೋಸ್ಟನ್ನಿಗೆ ಹೋಗಿ ಆರ್ಸನ್ ಫೆಲ್ಪ್ಸ್ ಎಂಬಾತನ ವರ್ಕ್‌ಶಾಪಿನಲ್ಲಿ ಇಟ್ಟರು. ಕೊಳ್ಳುವವರು ಬರಲಿಲ್ಲ. ಅದೇ ವರ್ಕ್‌ಶಾಪಿನಲ್ಲಿ ಬೇರೆಯವರ ಹೊಲಿಗೆ ಯಂತ್ರಗಳು ತಯಾರಾಗುತ್ತಿದ್ದವು. ಅವು ಪದೇ ಪದೇ ಕೆಡುತ್ತಿದ್ದವು. ಅದನ್ನೇ ಸರಿಮಾಡಿ ಕೊಡು ಎಂದ ಫೆಲ್ಪ್ಸ್. ಹೆಂಗಸರನ್ನು ಸುಮ್ಮನೆ ಕೂರಿಸುವ ಒಂದೇ ಕೆಲಸ ಹೊಲಿಗೆ, ಅದನ್ನೂ ಕಿತ್ತುಕೊಳ್ಳಬೇಕಾ ಎಂದು ಸಿಂಗರ್ ಮೊದಲು ಬೈದನಂತೆ. ಹೆಂಡತಿಯ ಕಷ್ಟ ನೋಡಿ ಕರಗಿದವನ ಮಾತು ಇದಲ್ಲ ಅಲ್ವಾ? ಯಂತ್ರದ ಮೇಲೆ ತನಗೆ ಮೋಹ ಇಲ್ಲ, ಬೇಕಾದ್ದು ಕಾಸು ಎಂಬ ಮಾತೂ ಅವನದೇ ಎಂದು ಹೇಳುತ್ತಾರೆ.

ಆದರೆ ಕೆಲಸಕ್ಕೆ ಕೂತಾಗ ಅವನ ಕಣ್ಣು ನೇರವಾಗಿ ದೋಷದ ಮೇಲೇ ಬಿತ್ತು. ಇದನ್ನು ಮೆಚ್ಚದೆ ಇರಲು ನನಗೆ ಸಾಧ್ಯವಿಲ್ಲ. ಆ ಯಂತ್ರದ ಶಟಲ್ ವೃತ್ತವಾಗಿ ಸುತ್ತುತ್ತಿತ್ತು. ಪ್ರತಿ ಸುತ್ತಿಗೂ ದಾರದ ಹುರಿ ಬಿಚ್ಚಿ ದಾರ ತುಂಡಾಗುತ್ತಿತ್ತು. ಶಟಲ್ ಹಿಂದೆ ಮುಂದೆ ನೇರ ಓಡಲಿ ಎಂದ. ಬಾಗಿದ ಸೂಜಿ ಅಡ್ಡಡ್ಡ ಹೋಗುವ ಬದಲು ನೇರ ಸೂಜಿ ಮೇಲೆ ಕೆಳಗೆ ಓಡಲಿ ಎಂದ. ಬಟ್ಟೆ ಮೇಜಿನ ಮೇಲೆ ಮಲಗಲಿ, ಮೇಲಿಂದ ಒಂದು ಪಾದ ಅದನ್ನು ಒತ್ತಿ ಹಿಡಿಯಲಿ ಎಂದ. ಟೈಲರ್ ಅಂಗಡಿಯಲ್ಲಿ ಇವತ್ತು ನೀವು ನೋಡುವ ಮಿಷಿನ್ನಿನ ರೂಪ ಅಷ್ಟರಲ್ಲೇ ಬಂದುಬಿಟ್ಟಿತು.

ಝೀಬರ್ ಹತ್ತಿರ ಉಳಿದಿದ್ದು 40 ಡಾಲರ್. ಅದರಲ್ಲೇ ಕೆಲಸ ಮುಗಿಯಬೇಕು. 1850ರಲ್ಲಿ 11 ದಿನ ಹಗಲು ರಾತ್ರಿ ದುಡಿದರು. ಹನ್ನೊಂದನೆಯ ರಾತ್ರಿ ಒಂಬತ್ತರ ಹೊತ್ತಿಗೆ ಭಾಗಗಳನ್ನು ಜೋಡಿಸಿದರು. ಯಂತ್ರ ಹೊಲಿಯಲಿಲ್ಲ. ಬೇಸತ್ತ ಆಳುಗಳು ಒಬ್ಬೊಬ್ಬರಾಗಿ ಹೊರಟುಹೋದರು. ಝೀಬರ್ ದೀಪ ಹಿಡಿದು ನಿಂತ, ಸಿಂಗರ್ ಒಬ್ಬನೇ ತಿಣುಕಿದ. ಆಗಲಿಲ್ಲ. ನಡುರಾತ್ರಿಯ ಹೊತ್ತಿಗೆ ಇಬ್ಬರೂ ಸೋತು ಹೋಟೆಲ್ ಕಡೆ ನಡೆದರು. ದಾರಿಯಲ್ಲಿ ಹಲಗೆಗಳ ರಾಶಿ ಇತ್ತು, ಅದರ ಮೇಲೆ ಕೂತರು. ಬಟ್ಟೆಯ ಮೇಲೆ ಸಡಿಲವಾಗಿ ನಿಂತಿದ್ದ ಆ ಕುಣಿಕೆಗಳು ಸೂಜಿಯ ದಾರದ್ದು, ನೋಡಿದೆಯಾ ಎಂದು ಝೀಬರ್ ಕೇಳಿದ. ಸಿಂಗರನಿಗೆ ಥಟ್ಟನೆ ಹೊಳೆಯಿತು. ಸೂಜಿಯ ದಾರಕ್ಕೆ ಬಿಗಿ ಕೊಡುವುದನ್ನೇ ತಾನು ಮರೆತಿದ್ದೆ! ವಾಪಸ್ಸು ಹೋಗಿ ಟೆನ್ಷನ್ ಸರಿಮಾಡಿದ. 5 ಹೊಲಿಗೆ ಚೊಕ್ಕವಾಗಿ ಬಿದ್ದವು, ಆಮೇಲೆ ದಾರ ತುಂಡಾಯಿತು. ಆ 5 ಹೊಲಿಗೆಯೇ ಸಾಕಾಗಿತ್ತು. ಇದು ಸಿಂಗರ್ ತಾನೇ ಮುಂದೆ ಹೇಳಿಕೊಂಡ ವಿವರ. ಆ ರಾತ್ರಿಯ ಕಥೆಯಲ್ಲಿ ಹೆಂಡತಿ ಎಲ್ಲೂ ಇಲ್ಲ. ದೀಪ ಹಿಡಿದ ಗೆಳೆಯ ಇದ್ದಾನೆ.

ಆ ಗೆಳೆಯನಿಗೆ ಸಿಂಗರ್ ಮಾಡಿದ್ದೇನು? ಮರುವರ್ಷ ಝೀಬರ್ ಕಾಯಿಲೆ ಬಿದ್ದಾಗ, ನೀನು ಬದುಕುವುದು ಡೌಟು ಅಂತ ಡಾಕ್ಟರ್ ಹೇಳಿದ್ದಾರೆ ಎಂದು ಹೆದರಿಸಿ, ಅವನ ಪಾಲನ್ನು 6,000 ಡಾಲರಿಗೆ ಬರೆಸಿಕೊಂಡ. ಝೀಬರ್ ಬದುಕಿಕೊಂಡ. ಪಾಲು ಹೋಗಿಯಾಗಿತ್ತು.

1851ರ ಆಗಸ್ಟ್ 12ರಂದು ಪೇಟೆಂಟ್ ಬಂತು. ಹೋವ್ ಮೊಕದ್ದಮೆ ಹೂಡಿದ. ಕೊನೆಗೆ 1854ರಲ್ಲಿ ಸಿಂಗರ್ 15,000 ಡಾಲರ್ ಕೊಟ್ಟು ರಾಜಿಯಾದ. ನ್ಯಾಯ ಹೋವ್ ಕಡೆಗೇ ಇತ್ತು ಅಂತ ನನ್ನ ಅಭಿಪ್ರಾಯ. 1856ರಲ್ಲಿ ಅಮೆರಿಕದ ದೊಡ್ಡ ತಯಾರಕರು ಹೋವ್ ಜೊತೆ ಸೇರಿ ಪೇಟೆಂಟುಗಳನ್ನೆಲ್ಲ ಒಂದೇ ಒಕ್ಕೂಟದಲ್ಲಿ ಹಾಕಿದರು. ಪ್ರತಿ ಯಂತ್ರಕ್ಕೂ ಹೋವ್‌ಗೆ ರಾಯಧನ ಬಂತು. ಅವನು ಶ್ರೀಮಂತನಾಗಿ 1867ರಲ್ಲಿ ತೀರಿಕೊಂಡ. ಆ ಸಿರಿ ನೋಡಲು ಎಲಿಜಬೆತ್ ಇರಲಿಲ್ಲ.

ಸಿಂಗರ್ ಮಾರಿದ ರೀತಿಯಲ್ಲಿ ಅವನ ಹಳೆಯ ನಾಟಕದ ನೆಲ ಕಾಣುತ್ತದೆ. ಜಾತ್ರೆ, ಸರ್ಕಸ್, ಚರ್ಚಿನ ಹಾಲ್, ಎಲ್ಲಿ ಜನ ಸೇರಿದರೂ ಮಿಷಿನ್ ಇಟ್ಟು ತುಳಿದು ತೋರಿಸುತ್ತಿದ್ದ. ಹೊಲಿದು ಹೊಲಿದು ಬೆರಳು ಸವೆದ ಬಡ ಹೆಣ್ಣಿನ ಮೇಲಿನ ಆ ಕಾಲದ ಪ್ರಸಿದ್ಧ ಪದ್ಯವೊಂದನ್ನು ತನ್ನ ದೊಡ್ಡ ಗಂಟಲಲ್ಲಿ ಹಾಡುತ್ತಿದ್ದ. ಹೆಂಡತಿಯ ಪ್ರೀತಿಯ ಕಥೆ ಇಂಥ ವೇದಿಕೆಗಳಿಂದಲೇ ಜನರ ಬಾಯಿಗೆ ಬಂದಿರಬಹುದು ಅಂತ ನನಗೆ ಅನಿಸುತ್ತದೆ. ಕಷ್ಟ ಮಾತ್ರ ಸುಳ್ಳಲ್ಲ. ಕೈಯಲ್ಲಿ ಒಂದು ಅಂಗಿ ಹೊಲಿಯಲು 14 ಗಂಟೆ ಬೇಕಾಗುತ್ತಿತ್ತು. ಮಿಷಿನ್ನಿನಲ್ಲಿ ಒಂದೂಕಾಲು ಗಂಟೆ ಸಾಕು ಎಂದು ಆ ಕಾಲದ ತಯಾರಕರು ಲೆಕ್ಕ ತೋರಿಸುತ್ತಿದ್ದರು.

ಆದರೆ ಬೆಲೆ 100 ಡಾಲರಿನ ಆಸುಪಾಸು. ಮಾಮೂಲಿ ಕುಟುಂಬದ ವರ್ಷದ ಆದಾಯವೇ 500 ಡಾಲರ್. ಯಾರು ಕೊಳ್ಳುತ್ತಾರೆ? ಇದಕ್ಕೆ ದಾರಿ ತೋರಿಸಿದವನು ಪಾಲುದಾರ ಎಡ್ವರ್ಡ್ ಕ್ಲಾರ್ಕ್. ವಕೀಲ, ಅಳೆದು ಮಾತಾಡುವ ಮನುಷ್ಯ, ಸಿಂಗರನಿಗೆ ಪೂರಾ ವಿರುದ್ಧ. 1856ರಲ್ಲಿ ಅವನು ಕಂತಿನ ಮಾರಾಟ ಶುರು ಮಾಡಿದ. 5 ಡಾಲರ್ ಕೊಡಿ, ಮಿಷಿನ್ ಮನೆಗೆ ಒಯ್ಯಿರಿ, ಹೊಲಿದು ದುಡಿಯುತ್ತಾ ತಿಂಗಳು ತಿಂಗಳು ತೀರಿಸಿ. 1853ರಲ್ಲಿ 810 ಮಿಷಿನ್ ಮಾರಿದ್ದರು, 1856ರಲ್ಲಿ 2,564. ಭಾರತಕ್ಕೂ ಸಿಂಗರ್ ಇದೇ ಕಂತಿನ ಪದ್ಧತಿ ಹೊತ್ತು ಬಂತು. ಎನ್. ಎಂ. ಪಟೇಲ್ ಎಂಬ ಪಾರ್ಸಿ ಏಜೆಂಟರು ಇಲ್ಲಿ ಅದನ್ನು ಬೆಳೆಸಿದರು. ನಿಮ್ಮ ಮುತ್ತಜ್ಜಿಯ ಕಾಲದಲ್ಲಿ ಎಷ್ಟೋ ಮನೆಗೆ ಮಿಷಿನ್ ಬಂದದ್ದು ಹೀಗೇ.

ದುಡ್ಡು ಬಂತು. ಸಿಂಗರ್ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ಮನೆ ಮಾಡಿದ. 31 ಜನ ಕೂರುವಂಥ ಹಳದಿ ಬಣ್ಣದ ಭಾರಿ ಸಾರೋಟು ಮಾಡಿಸಿದ. ಅದನ್ನು ಎಳೆಯಲು 9 ಕುದುರೆ, ಒಳಗೆ ಮಕ್ಕಳಿಗೇ ಒಂದು ಜಾಗ. ಅಷ್ಟು ಮಕ್ಕಳು ನಿಜವಾಗಿಯೂ ಇದ್ದರು. ಮೇರಿ ಆನ್‌ಗೆ ಗೊತ್ತಿಲ್ಲದೆ ಅದೇ ಊರಿನಲ್ಲಿ ಇನ್ನೂ ಎರಡು ಸಂಸಾರ ನಡೆದಿತ್ತು. ಮೇರಿ ಮೆಕ್‌ಗಾನಿಗಲ್ ಜೊತೆ ‘ಮ್ಯಾಥ್ಯೂಸ್’ ಎಂಬ ಹೆಸರಿನಲ್ಲಿ, 5 ಮಕ್ಕಳು. ಮೇರಿ ಈಸ್ಟ್‌ವುಡ್ ವಾಲ್ಟರ್ಸ್ ಜೊತೆ ‘ಮೆರಿಟ್’ ಎಂಬ ಹೆಸರಿನಲ್ಲಿ, ಒಬ್ಬಳು ಮಗಳು.

1860ರಲ್ಲಿ ಕ್ಯಾಥರೀನ್‌ಗೆ ವಿಚ್ಛೇದನ ಕೊಟ್ಟ. ಕಾರಣ ಏನು ತೋರಿಸಿದ ಗೊತ್ತಾ? ಅವಳಿಗೆ ಬೇರೊಬ್ಬನ ಸಂಬಂಧ ಇದೆ ಅಂತ. 24 ವರ್ಷದಿಂದ ಕಾದ ಮೇರಿ ಆನ್, ಇನ್ನಾದರೂ ಮದುವೆಯಾಗು ಎಂದಳು. ಆಗಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಫಿಫ್ತ್ ಅವೆನ್ಯೂನಲ್ಲಿ ಗಾಡಿಯಲ್ಲಿ ಹೋಗುತ್ತಿದ್ದ ಆಕೆಗೆ, ಎದುರಿನ ಗಾಡಿಯಲ್ಲಿ ಸಿಂಗರ್ ಮೆಕ್‌ಗಾನಿಗಲ್ ಪಕ್ಕ ಕೂತಿದ್ದು ಕಂಡಿತು. ಆಕೆ ನಡುಬೀದಿಯಲ್ಲೇ ಕೂಗುತ್ತಾ ಬೆನ್ನಟ್ಟಿದಳು. ಮನೆಗೆ ಬಂದ ಸಿಂಗರ್ ಆಕೆಯನ್ನು ಹೊಡೆದ. ಆಕೆ ಪೊಲೀಸಿಗೆ ದೂರು ಕೊಟ್ಟಳು. ಅವನು ಬಂಧನವಾಗಿ, ಬಾಂಡ್ ಬರೆದುಕೊಟ್ಟು ಹೊರಬಂದು, ಮೆಕ್‌ಗಾನಿಗಲ್‌ಳ ತಂಗಿ ಕೇಟ್ ಜೊತೆ ಯುರೋಪಿಗೆ ಓಡಿದ.

ಹೊಲಿಗೆ ಮಿಷಿನ್ ಕೊಳ್ಳುವವರು ಸಂಸಾರಸ್ಥರು. ಕ್ಲಾರ್ಕ್‌ಗೆ ಮುಖ ತೋರಿಸಲು ಆಗದಂತಾಯಿತು. 1863ರಲ್ಲಿ ಪಾಲುದಾರಿಕೆ ಮುರಿದು ಸಿಂಗರ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಮಾಡಿದರು. ಇಬ್ಬರೂ ದೊಡ್ಡ ಷೇರು ಇಟ್ಟುಕೊಂಡರು, ಆದರೆ ಒಬ್ಬ ಬದುಕಿರುವವರೆಗೆ ಇನ್ನೊಬ್ಬ ಅಧ್ಯಕ್ಷನಾಗಬಾರದು ಎಂದು ಒಪ್ಪಿಕೊಂಡರು. ಅದೇ ವರ್ಷ ಸಿಂಗರ್ ಪ್ಯಾರಿಸ್ಸಿನ ಇಸಬೆಲ್ಲಾ ಬಾಯರ್ ಎಂಬ ಯುವತಿಯನ್ನು ಮದುವೆಯಾದ. 6 ಮಕ್ಕಳಾದವು. ಎಲ್ಲ ಸೇರಿ 24.

ಫ್ರಾನ್ಸ್‌ನಲ್ಲಿ ಯುದ್ಧ ಬಂದಾಗ ಇಂಗ್ಲೆಂಡಿಗೆ ಹೋಗಿ ಡೆವನ್ ಕಡಲ ತೀರದ ಪೇಯ್ನ್‌ಟನ್‌ನಲ್ಲಿ ಅರಮನೆಯಂಥ ಮನೆ ಕಟ್ಟಿಸಿದ. ಸರ್ಕಸ್ಸಿನವರನ್ನು ಕರೆಸಿ ಆಡಿಸಲು ಪಕ್ಕದಲ್ಲಿ ದುಂಡನೆಯ ಕಟ್ಟಡವನ್ನೂ ಕಟ್ಟಿಸಿದ. 1875ರ ಜುಲೈ 23ರಂದು, 63ನೇ ವಯಸ್ಸಿನಲ್ಲಿ ತೀರಿಕೊಂಡ. ಸುಮಾರು 1 ಕೋಟಿ 30 ಲಕ್ಷ ಡಾಲರ್ ಆಸ್ತಿ. ವಿಲ್‌ನಲ್ಲಿ ಅದನ್ನು ತನ್ನ ಎಲ್ಲ ಸಂಸಾರಗಳ ಮಕ್ಕಳಿಗೂ ಹಂಚಿದ್ದ. ಪಾಲು ಮಾತ್ರ ಸಮ ಇರಲಿಲ್ಲ. ಹಿರಿಯ ಮಗ ವಿಲಿಯಂಗೆ ಬರೀ 500 ಡಾಲರ್. ವಿಚ್ಛೇದನದ ಸಮಯದಲ್ಲಿ ಅವನು ತಾಯಿ ಕ್ಯಾಥರೀನ್ ಪರ ನಿಂತಿದ್ದ, ಅದೇ ತಪ್ಪು. ಮೇರಿ ಆನ್, ನಾನೇ ನಿಜವಾದ ಹೆಂಡತಿ ಎಂದು ಕೋರ್ಟಿಗೆ ಹೋದಳು. ಕ್ಯಾಥರೀನ್ ವಿಚ್ಛೇದನದ ನಂತರವೂ ತಿಂಗಳುಗಟ್ಟಲೆ ಗಂಡ ಹೆಂಡಿರಂತೆ ಬಾಳಿದ್ದೇವೆ ಎಂಬುದು ಆಕೆಯ ವಾದ. ಕೋರ್ಟ್ ಒಪ್ಪಲಿಲ್ಲ, ಇಸಬೆಲ್ಲಾಳೇ ವಿಧವೆ ಎಂದಿತು.

ಮಕ್ಕಳ ಪೈಕಿ ನನಗೆ ಜಾಸ್ತಿ ಗೌರವ ಇರುವುದು ವಿನ್ನರೆಟ್ಟಾ ಮೇಲೆ. 1865ರಲ್ಲಿ ಹುಟ್ಟಿದವಳು. ಫ್ರಾನ್ಸಿನ ರಾಜಕುಮಾರ ಪೊಲಿನ್ಯಾಕ್‌ನನ್ನು ಮದುವೆಯಾಗಿ, ಪ್ಯಾರಿಸ್ಸಿನ ತನ್ನ ಮನೆಯನ್ನು ಸಂಗೀತದ ಮನೆ ಮಾಡಿದಳು. ಸ್ಟ್ರಾವಿನ್ಸ್ಕಿ, ಸಾಟಿ, ಫಾಲ್ಯಾ ಎಂಬ ಸಂಗೀತಕಾರರಿಂದ ಹೊಸ ಕೃತಿ ಬರೆಸಿದಳು. ಮನೆಯಿಲ್ಲದವರಿಗೆ ಪ್ಯಾರಿಸ್ಸಿನಲ್ಲಿ ಆಶ್ರಯದ ಕಟ್ಟಡ ಕಟ್ಟಲು ಹಣ ಕೊಟ್ಟಳು. ಅವಳ ತಮ್ಮನ ಹೆಸರೂ ಪ್ಯಾರಿಸ್, ಅವನು ನರ್ತಕಿ ಇಸಡೋರಾ ಡಂಕನ್ ಜೊತೆ ಬಾಳಿದ. ಅವರ ಪುಟ್ಟ ಮಗ ಪ್ಯಾಟ್ರಿಕ್, ಇಸಡೋರಾಳ ಮಗಳು ಡೀರ್‌ಡ್ರಾ ಇಬ್ಬರೂ 1913ರಲ್ಲಿ ಕಾರು ಸೇನ್ ನದಿಗೆ ಉರುಳಿ ತೀರಿಕೊಂಡರು.

ಇನ್ನು ನಿಮ್ಮ ಮಿಷಿನ್. ‘ವೈ’ ಅಕ್ಷರ ಇದ್ದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು, 1920ರ ದಶಕ ಅಥವಾ 1930ರ ಮೊದಲ ವರ್ಷಗಳದ್ದು. ಆ ಕಾರ್ಖಾನೆ ಶುರುವಾಗಿದ್ದು 1885ರಲ್ಲಿ, ಅಂದರೆ ಸಿಂಗರ್ ಸತ್ತು 10 ವರ್ಷವಾದ ಮೇಲೆ. 1913ರಲ್ಲಿ ಅಲ್ಲಿ ಒಂದೇ ವರ್ಷದಲ್ಲಿ 13 ಲಕ್ಷ ಮಿಷಿನ್ ತಯಾರಾದವು. 1911ರಲ್ಲಿ ಪಾಲಿಶ್ ಮಾಡುವ 12 ಹೆಂಗಸರು, ಕೆಲಸ ಹೆಚ್ಚಿಸಿ ಕೂಲಿ ಇಳಿಸಿದ್ದಕ್ಕೆ ಕೆಲಸ ನಿಲ್ಲಿಸಿದರು. ಅವರ ಹಿಂದೆ ಸುಮಾರು 11,000 ಜನ ಹೊರಬಂದರು. ನಿಮ್ಮ ಮಿಷಿನ್ನಿನ ಕಪ್ಪು ಮೈ, ಚಿನ್ನದ ಬಣ್ಣದ ಚಿತ್ತಾರ ಮುಟ್ಟಿದಾಗ ಆ ಹೆಂಗಸರನ್ನೂ ಒಮ್ಮೆ ನೆನೆಯಿರಿ.

ಮಿಷಿನ್ ಕೆಟ್ಟಿಲ್ಲ, ಗುಜರಿಗೆ ಹಾಕಬೇಡಿ. ಬಟ್ಟೆಯ ಅಡಿಯಲ್ಲಿ ಕುಣಿಕೆ ನಿಂತರೆ ಸಾಮಾನ್ಯವಾಗಿ ತಪ್ಪು ಮೇಲಿನ ದಾರದ್ದು. ಆ ರಾತ್ರಿ ಸಿಂಗರ್ ಮರೆತದ್ದೂ ಇದನ್ನೇ. ಪಾದ ಎತ್ತಿ, ಮೇಲಿನ ದಾರ ಪೂರ್ತಿ ತೆಗೆಯಿರಿ. ಟೆನ್ಷನ್ನಿನ ಎರಡು ಬಿಲ್ಲೆಗಳ ನಡುವೆ ಹಳೆಯ ದಾರದ ಚೂರು, ಹತ್ತಿಯ ನಾರು ಸಿಕ್ಕಿಕೊಂಡಿರುತ್ತದೆ. ತೆಳ್ಳನೆ ಬಟ್ಟೆಯ ಅಂಚನ್ನು ತೂರಿಸಿ ಉಜ್ಜಿ ತೆಗೆಯಿರಿ. ಹೊಸ ಸೂಜಿ ಹಾಕಿ, ದಾರ ಮತ್ತೆ ಪೋಣಿಸಿ, ಬಿಲ್ಲೆಗಳ ಒಳಗೆ ಸರಿಯಾಗಿ ಕೂತಿದೆಯಾ ನೋಡಿ. ಆಮೇಲೆ ಟೆನ್ಷನ್ ತಿರುಪನ್ನು ಅರ್ಧ ಸುತ್ತು ಬಿಗಿ ಮಾಡಿ, ಹಳೆಯ ಪಂಚೆಯ ತುಂಡಿನ ಮೇಲೆ ಒಂದು ಗೇಣು ಹೊಲಿದು ನೋಡಿ. ಇನ್ನೂ ಸಡಿಲ ಇದ್ದರೆ ಇನ್ನೊಂದು ಅರ್ಧ ಸುತ್ತು.